ಊರು ಬಿಡುವವರು ಊರಿನ ಮಕ್ಕಳಿಗೆ ಪಾಠ ಹೇಳಬಹುದೇ?

ಪ್ರಶ್ನೆ: ಮಾಷ್ಟ್ರೆ, ನಮಸ್ಕಾರ. ನಮ್ಮ ಊರು ಕಾಸರಗೋಡು ಜಿಲ್ಲೆಯ ಪೈವಳಿಕೆ ಪಂಚಾಯತಿನ ಒಳಭಾಗದಲ್ಲಿದೆ. ನಾವು ಆರು ಜನ ಸ್ನೇಹಿತರು. ಇಬ್ಬರು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇವೆ, ಒಬ್ಬಳು ಬಿ.ಎಡ್. ಮಾಡುತ್ತಿದ್ದಾಳೆ, ಉಳಿದವರು ಸಣ್ಣಪುಟ್ಟ ಕೆಲಸದಲ್ಲಿದ್ದಾರೆ. ಕಳೆದ ಜೂನ್‌ನಲ್ಲಿ ಕ್ಲಬ್ಬಿನ ಹಾಲ್‌ನಲ್ಲಿ ಸಂಜೆ ಉಚಿತ ಟ್ಯೂಷನ್ ಶುರು ಮಾಡಿದೆವು. ಮೊದಲ ವಾರ 32 ಮಕ್ಕಳು ಬಂದರು. ಆಗಸ್ಟ್ ಹೊತ್ತಿಗೆ 7. ಓಣಂ ರಜೆ ಮುಗಿದ ಮೇಲೆ ಬಾಗಿಲು ತೆರೆಯಲೇ ಇಲ್ಲ. ಈ ವರ್ಷ ಮತ್ತೆ ಮಾಡಬೇಕು ಅಂತ ಆಸೆ ಇದೆ. ಎಲ್ಲಿ ತಪ್ಪಿದೆವು? ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳಿಗೆ ಯಾವ ಭಾಷೆಯಲ್ಲಿ ಹೇಳಿಕೊಡಬೇಕು? ಸಂಘ ರಿಜಿಸ್ಟರ್ ಮಾಡಿಸಿ ಹಣ ಎತ್ತಬೇಕಾ? ಊರಿನ ಹಿರಿಯರೊಬ್ಬರು, "ನೀವೆಲ್ಲ ಎರಡು ವರ್ಷದಲ್ಲಿ ಊರು ಬಿಟ್ಟು ಹೋಗುವವರು, ನಿಮಗೆ ಯಾಕೆ ಈ ಉಸಾಬರಿ" ಅಂತ ಕೇಳಿದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.
— ಒಬ್ಬ ಓದುಗ, ಪೈವಳಿಕೆ

ಉತ್ತರ: ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡುತ್ತೇನೆ. ಆ ಹಿರಿಯರ ಮಾತು ನಿಮಗೆ ಚುಚ್ಚಿರಬಹುದು. ಆದರೆ ಅವರು ಹೇಳಿದ್ದು ಸರಿ. ನೀವು ಹೋಗುತ್ತೀರಿ. ಒಬ್ಬರು ಬೆಂಗಳೂರಿಗೆ, ಒಬ್ಬರು ಗಲ್ಫಿಗೆ, ಬಿ.ಎಡ್. ಮಾಡುವ ಹುಡುಗಿ ಪಿ.ಎಸ್‌.ಸಿ. ಬರೆದು ಸರ್ಕಾರಿ ಕೆಲಸ ಸಿಕ್ಕಿಯೋ ಮದುವೆಯಾಗಿಯೋ ಇನ್ನೊಂದು ಕಡೆಗೆ. ನಮ್ಮ ಗಡಿನಾಡಿನಲ್ಲಿ ಇದೇನು ಹೊಸತಲ್ಲ. ಬೆಳಗ್ಗೆ ಮಂಗಳೂರಿಗೆ ಹೋಗುವ ರೈಲನ್ನು ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ನಿಂತು ನೋಡಿ. ಊರಿನ ಅರ್ಧ ಯುವಕರು ಅದರಲ್ಲೇ ಇರುತ್ತಾರೆ.

ಹೋಗಲಿ ಬಿಡಿ, ಅದರಲ್ಲಿ ತಪ್ಪಿಲ್ಲ. ಆದರೆ ಕಳೆದ ವರ್ಷ ನೀವು ಕ್ಲಾಸ್ ಶುರು ಮಾಡಿದ್ದು ಇಲ್ಲೇ ಉಳಿಯುವವರ ಹಾಗೆ. ವರ್ಷವಿಡೀ, ವಾರಕ್ಕೆ ಐದು ದಿನ, ಎಲ್ಲ ಕ್ಲಾಸಿನ ಮಕ್ಕಳಿಗೆ, ಎಲ್ಲ ಸಬ್ಜೆಕ್ಟ್. ಅಷ್ಟನ್ನು ಸಂಬಳ ತೆಗೆದುಕೊಳ್ಳುವ ಟೀಚರುಗಳೇ ಹರಸಾಹಸ ಪಟ್ಟು ಮಾಡುತ್ತಾರೆ. ಹೋಗುವವರು ನಡೆಸುವ ಕೆಲಸ ಬೇರೆ ಥರ ಇರಬೇಕು. ಸಣ್ಣದಾಗಿರಬೇಕು, ಮುಗಿಯುವ ತಾರೀಕು ಇರಬೇಕು, ಇನ್ನೊಬ್ಬರ ಕೈಗೆ ಕೊಡುವ ಹಾಗಿರಬೇಕು.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. 1990ರ ಫೆಬ್ರವರಿಯಲ್ಲಿ ಎರ್ನಾಕುಲಂ ಜಿಲ್ಲೆ ಸಂಪೂರ್ಣ ಸಾಕ್ಷರ ಅಂತ ಘೋಷಣೆಯಾಯಿತು. ಆಮೇಲೆ ಸಾಕ್ಷರತಾ ಆಂದೋಲನ ಇಡೀ ಕೇರಳಕ್ಕೆ ಹಬ್ಬಿತು. ನನಗೆ ಆಗ 21 ವರ್ಷ. ಕಲಿಸುವವರಲ್ಲಿ ಹೆಚ್ಚಿನವರು ನನ್ನಂಥ ಹುಡುಗ ಹುಡುಗಿಯರೇ, ಸಂಬಳ ಗಿಂಬಳ ಏನಿಲ್ಲ. ನನ್ನ ಪಾಲಿಗೆ ಸಿಕ್ಕಿದ್ದು ಒಂದು ಮನೆಯ ಜಗಲಿ, ಬೀಡಿ ಕಟ್ಟುವ ಒಂಬತ್ತು ಮಂದಿ ಹೆಂಗಸರು, ಒಂದು ಚಿಮಿಣಿ ದೀಪ. ಬೀಡಿ ಕಟ್ಟುವ ಕೈ ನಿಲ್ಲಿಸದೆ ಅಕ್ಷರ ಓದುತ್ತಿದ್ದರು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಚೇಲಕ್ಕೋಡನ್ ಆಯಿಷಾ ಅವರು, ಅದೇ ಆಂದೋಲನದಲ್ಲಿ ಓದು ಕಲಿತವರು, ಕೇರಳ ಸಂಪೂರ್ಣ ಸಾಕ್ಷರವಾಯಿತು ಅಂತ ಘೋಷಿಸಿದರು. ನಾವು ಊರಿನಲ್ಲಿ ಪಾಯಸ ಮಾಡಿ ಹಂಚಿದೆವು. ಅದೇ ವರ್ಷ ನಾನು ಟಿ.ಟಿ.ಸಿ.ಗೆ, ಅಂದರೆ ಟೀಚರ್ ತರಬೇತಿಗೆ, ಸೇರಿ ಊರು ಬಿಟ್ಟೆ. ಮೂರು ವರ್ಷದ ಮೇಲೆ ಬಂದು ನೋಡಿದರೆ, ಆ ಒಂಬತ್ತರಲ್ಲಿ ಒಬ್ಬರು ರೇಷನ್ ಅಂಗಡಿಯಲ್ಲಿ ಮತ್ತೆ ಹೆಬ್ಬೆಟ್ಟು ಒತ್ತುತ್ತಿದ್ದರು. ನನ್ನನ್ನು ನೋಡಿ ಕೈ ಹಿಂದೆ ಮಾಡಿಕೊಂಡರು. ನಾಚಿಕೆ ಆಗಬೇಕಾದ್ದು ನನಗೆ. ಹೋಗುವಾಗ ಆ ಜಗಲಿಯನ್ನು ಯಾರ ಕೈಗೂ ಒಪ್ಪಿಸಿರಲಿಲ್ಲ.

ಈಗ ಇನ್ನೊಂದು ಕಥೆ ಕೇಳಿ, ನಮ್ಮ ಊರಿನದ್ದಲ್ಲ. ಪ್ರಥಮ್ ಎಂಬ ಸಂಸ್ಥೆ ಮುಂಬೈ ಮತ್ತು ವಡೋದರಾದಲ್ಲಿ ಬಾಲಸಖಿ ಅಂತ ಒಂದು ಕೆಲಸ ನಡೆಸಿತು. ಬಾಲಸಖಿ ಅಂದರೆ ಅದೇ ಕೇರಿಯ, ಹೈಸ್ಕೂಲ್ ಓದಿದ ಹುಡುಗಿ. ತರಬೇತಿ ಎರಡೇ ವಾರ. ಮೂರು, ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಉಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು, ಲೆಕ್ಕ ಹೇಳಿಕೊಡುವುದು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಮಕ್ಕಳ ಕಲಿಕೆ ನಿಜವಾಗಿ ಏರಿತ್ತು. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಬೇರೆ ಒಂದು ವಿಷಯ. ಆ ಹುಡುಗಿಯರು ಸರಾಸರಿ ಒಂದೇ ವರ್ಷ ಇರುತ್ತಿದ್ದರು. ಮದುವೆಯಾದರೆ ಹೋದರು, ಬೇರೆ ಕೆಲಸ ಸಿಕ್ಕಿದರೆ ಹೋದರು. ಆದರೂ ಕೆಲಸ ನಿಲ್ಲಲಿಲ್ಲ. ಯಾಕಂದರೆ ಕೆಲಸವೇ ಎರಡು ವಾರದಲ್ಲಿ ಇನ್ನೊಬ್ಬಳು ಕಲಿಯುವಷ್ಟು ಸರಳವಾಗಿತ್ತು. ಮುಂದಿನ ಸಲ ಆ ಹಿರಿಯರು ಸಿಕ್ಕಿದರೆ ಇದನ್ನೇ ಹೇಳಿ.

ಇನ್ನು, ಎಲ್ಲಿ ತಪ್ಪಿದಿರಿ ಅಂತ. 32 ಮಕ್ಕಳಲ್ಲಿ ಮೊದಲು ಬಿಟ್ಟು ಹೋದವರು ಯಾರು ಅಂತ ನೆನಪಿಸಿಕೊಳ್ಳಿ. ನನ್ನ ಊಹೆ ಹೇಳುತ್ತೇನೆ. ಓದಲು ಬಾರದವರು ಮೊದಲು ಹೋದರು. ಕೊನೆಗೆ ಉಳಿದ ಏಳು ಮಂದಿ ನೀವು ಇಲ್ಲದಿದ್ದರೂ ಪಾಸಾಗುವವರು. ಹೌದಲ್ವಾ? ಉಚಿತ ಟ್ಯೂಷನ್ ಅಂದರೆ ಹೆಚ್ಚಾಗಿ ಆಗುವುದೇ ಇದು. ಹೋಂವರ್ಕ್ ಮಾಡಿಸುತ್ತೇವೆ. ಹೋಂವರ್ಕ್ ಮಾಡಲು ಗೊತ್ತಿರುವವರು ಕೂರುತ್ತಾರೆ. ಗೊತ್ತಿಲ್ಲದವನು ಶಾಲೆಯಲ್ಲಿ ಆರು ಗಂಟೆ ಏನೂ ಅರ್ಥವಾಗದೆ ಕೂತು ಬಂದಿರುತ್ತಾನೆ. ಮತ್ತೆ ಒಂದೂವರೆ ಗಂಟೆ ಅದೇ ಶಿಕ್ಷೆ ಅಂದರೆ ಅವನು ಬರುತ್ತಾನಾ?

ಅಂಥ ಮಕ್ಕಳು ನಮ್ಮಲ್ಲಿ ಕಣ್ಣಿಗೆ ಬೀಳುವುದಿಲ್ಲ. 2025ರಲ್ಲಿ ಕೇರಳದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 99.5. ಅದರ ಹಿಂದಿನ ವರ್ಷ ಶೇ. 99.69. ಫಲಿತಾಂಶ ಬಂದ ಮರುದಿನ ಪ್ರತಿ ಜಂಕ್ಷನಿನಲ್ಲಿ ಫುಲ್ ಎ ಪ್ಲಸ್ ಫ್ಲೆಕ್ಸ್ ಏಳುತ್ತದೆ. ಆ ಗದ್ದಲದಲ್ಲಿ, ಏಳನೇ ಕ್ಲಾಸಿನಲ್ಲಿ ಕನ್ನಡದ ನಾಲ್ಕು ಸಾಲು ಓದಲು ತಡವರಿಸುವ ಹುಡುಗನ ಸುದ್ದಿ ಯಾರಿಗೆ ಬೇಕು? ಈಗ ಗಾಳಿ ಸ್ವಲ್ಪ ಬದಲಾಗುತ್ತಿದೆ. 2024-25ರಿಂದ ಎಂಟನೇ ಕ್ಲಾಸಿನಲ್ಲಿ ಪ್ರತಿ ಸಬ್ಜೆಕ್ಟಿನ ಬರವಣಿಗೆ ಪರೀಕ್ಷೆಯಲ್ಲಿ ಕನಿಷ್ಠ ಶೇ. 30 ಅಂಕ ಬೇಕು ಅಂತ ಕೇರಳ ಸರ್ಕಾರ ತಂದಿದೆ. ಸಿಗದವರಿಗೆ ಮತ್ತೆ ವಿಶೇಷ ತರಗತಿ. ಅಂದರೆ ಓದು ಬಾರದ ಮಗು ಎಂಟನೇ ಕ್ಲಾಸಿಗೆ ಬರುವ ಮೊದಲೇ ಯಾರಾದರೂ ಕೈ ಹಿಡಿಯಬೇಕು. ನೀವು ಮಾಡಬೇಕಾದ ಜಾಗ ಅದು. ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ, ಓದಲು ಬಾರದವರು ಮಾತ್ರ. ಹತ್ತನೇ ಕ್ಲಾಸಿನವರನ್ನು ಬಿಟ್ಟುಬಿಡಿ, ಅವರಿಗೆ ಶಾಲೆಯೂ ಇದೆ, ಟ್ಯೂಷನ್ನೂ ಇದೆ, ಫ್ಲೆಕ್ಸೂ ಇದೆ.

ಕ್ಲಾಸ್ ಶುರು ಮಾಡುವ ಮೊದಲು ಮೂರು ಭಾನುವಾರ ಮನೆಮನೆಗೆ ಹೋಗಿ. ಕೈಯಲ್ಲಿ ಒಂದು ಹಾಳೆ ಸಾಕು. ಮಕ್ಕಳ ಓದು, ಲೆಕ್ಕ ಅಳೆಯಲು 2005ರಿಂದ ದೇಶವಿಡೀ ನಡೆಯುವ ಅಸರ್ ಸಮೀಕ್ಷೆಯ ಕ್ರಮವನ್ನೇ ಇಟ್ಟುಕೊಳ್ಳಿ. ಅದನ್ನು ನಡೆಸುವವರೂ ನಿಮ್ಮ ಹಾಗೆ ಊರೂರಿನ ಸ್ವಯಂಸೇವಕರೇ. ಹಾಳೆಯ ಒಂದು ಮೂಲೆಯಲ್ಲಿ ಬಿಡಿ ಅಕ್ಷರಗಳು. ಪಕ್ಕದಲ್ಲಿ ಸರಳ ಪದಗಳು: ಮರ, ಹಾಲು, ಕೋಳಿ. ಕೆಳಗೆ ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು. ಹಿಂಬದಿಯಲ್ಲಿ ಎರಡನೇ ಕ್ಲಾಸಿನ ಮಟ್ಟದ ಸಣ್ಣ ಕಥೆ. ಮೊದಲು ನಾಲ್ಕು ಸಾಲು ಓದಿಸಿ. ಓದಿದರೆ ಕಥೆ ಕೊಡಿ. ಓದದಿದ್ದರೆ ಪದ, ಅದೂ ಇಲ್ಲದಿದ್ದರೆ ಅಕ್ಷರ. ಲೆಕ್ಕಕ್ಕೂ ಹೀಗೆಯೇ: ಅಂಕೆ ಗುರುತಿಸುವುದು, ದಶಕ ಎರವಲು ಪಡೆಯುವ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಹತ್ತು ನಿಮಿಷ ಸಾಕು. "ಪರೀಕ್ಷೆ" ಅಂತ ಹೇಳಬೇಡಿ. ಅಮ್ಮನ ಎದುರಿಗೆ "ಇವನಿಗೆ ಬರುವುದಿಲ್ಲ" ಅಂತಂತೂ ಹೇಳಲೇಬೇಡಿ. ಆ ಮಾತು ಮನೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಮೂರನೇ ಭಾನುವಾರ ಸಂಜೆ ನಿಮ್ಮ ಹತ್ತಿರ ಒಂದು ಪಟ್ಟಿ ಇರುತ್ತದೆ. ಕ್ಲಾಸಿನ ಪ್ರಕಾರ ಗುಂಪು ಮಾಡಬೇಡಿ. ಅಕ್ಷರದಲ್ಲಿ ನಿಂತವರು ಒಂದು ಕಡೆ, ಪದದಲ್ಲಿ ನಿಂತವರು ಒಂದು ಕಡೆ. ಆರನೇ ಕ್ಲಾಸಿನವನು ಮೂರನೇ ಕ್ಲಾಸಿನವಳ ಜೊತೆ ಕೂರಬೇಕಾಗಿ ಬಂದರೆ ಮೊದಲ ಎರಡು ದಿನ ಮುಖ ಸಣ್ಣದು ಮಾಡುತ್ತಾನೆ. ಅವನಿಗೆ ಚಾಪೆ ಹಾಸುವ, ಬೋರ್ಡ್ ಒರೆಸುವ ಯಜಮಾನಿಕೆ ಕೊಡಿ. ಸರಿಯಾಗುತ್ತಾನೆ.

ಎಷ್ಟು ದಿನ? ನನ್ನ ಪ್ರಕಾರ ಒಂದು ಕಂತು 40 ದಿನ. ಪ್ರಥಮ್‌ನವರು ಕೂಡ ಆಮೇಲೆ ಶಾಲೆಗಳಲ್ಲಿ ಹತ್ತು ಹತ್ತು ದಿನದ ಶಿಬಿರಗಳನ್ನೇ ಮಾಡಿದರು, ಎಲ್ಲ ಸೇರಿ 30ರಿಂದ 50 ದಿನ. ಓದು ಹಿಡಿಯಲು ಅಷ್ಟು ಸಾಕಾಗುತ್ತದೆ, ದಿನಾ ಬಂದರೆ. ಈ "ದಿನಾ ಬಂದರೆ" ಅನ್ನುವುದೇ ಕಷ್ಟದ ವಿಷಯ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಊರಿನ ಯುವಕರೇ ಸಂಜೆ ಓದಿನ ಶಿಬಿರ ನಡೆಸಿದಾಗ, ಬಂದ ಮಕ್ಕಳು ಚೆನ್ನಾಗಿ ಕಲಿತರು. ಆದರೆ ಬಂದವರೇ ಕಡಿಮೆ. ಓದು ಬಾರದ ಮಕ್ಕಳಲ್ಲಿ ಹೆಚ್ಚಿನವರು ಶಿಬಿರದ ಕಡೆಗೇ ಸುಳಿಯಲಿಲ್ಲ. ಹಾಗಾಗಿ ನಿಮ್ಮ ಆರು ಜನರಲ್ಲಿ ಇಬ್ಬರು ಪಾಠ ಮಾಡಲೇಬಾರದು. ಅವರ ಕೆಲಸ ಸಂಜೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರುವುದು, ಮತ್ತೆ ಮನೆ ತಲುಪಿಸುವುದು. ಪಾಠ ಮಾಡಲು ಹೆದರುವ, ಆದರೆ ಊರಿನ ಎಲ್ಲ ಮನೆಯ ಅಡುಗೆಮನೆವರೆಗೆ ಸಲುಗೆ ಇರುವ ಒಬ್ಬ ಸ್ನೇಹಿತ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನೇ ನಿಮ್ಮ ನಿಜವಾದ ಬಂಡವಾಳ.

ಒಂದೂವರೆ ಗಂಟೆಯಲ್ಲಿ ಏನು ಮಾಡುವುದು ಅಂತ ಬಿ.ಎಡ್. ಹುಡುಗಿಗೆ ಗೊತ್ತಿರುತ್ತದೆ. ಆದರೂ ಕನ್ನಡ ಓದಿನ ಬಗ್ಗೆ ನನ್ನ ಅನುಭವ ಸ್ವಲ್ಪ ಹೇಳುತ್ತೇನೆ. ನಮ್ಮ ಮಕ್ಕಳು ವರ್ಣಮಾಲೆಯಲ್ಲಿ ನಿಲ್ಲುವುದು ಕಡಿಮೆ. ಅದನ್ನು ಪದ್ಯದ ಹಾಗೆ ಬಾಯಿಪಾಠ ಹೇಳಿಬಿಡುತ್ತಾರೆ. ನಡುವಿನ ಒಂದು ಅಕ್ಷರ ತೋರಿಸಿ ಕೇಳಿದರೆ, "ಕ ಖ ಗ" ಅಂತ ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿ ನಿಲ್ಲುತ್ತಾರೆ. ಆಮೇಲೆ ಮುಗ್ಗರಿಸುವುದು ಕಾಗುಣಿತದಲ್ಲಿ, "ಕೆ" ಮತ್ತು "ಕೇ" ನಡುವೆ, "ಕೊ" ಮತ್ತು "ಕೋ" ನಡುವೆ. ಅದನ್ನು ದಾಟಿದವರು ಒತ್ತಕ್ಷರದ ಎದುರು ನಿಂತುಬಿಡುತ್ತಾರೆ. "ಅಕ್ಕ", "ಹಳ್ಳ" ಸುಲಭ, ಅದೇ ಅಕ್ಷರ ಕೆಳಗೆ ಬರುತ್ತದೆ. "ಪುಸ್ತಕ", "ರಾತ್ರಿ" ಅಂದಾಗ ಕೆಳಗಿನ ರೂಪ ಬೇರೆಯೇ. ಅರ್ಕಾವತ್ತು ಬಂದರೆ ಮುಗಿಯಿತು, "ಸೂರ್ಯ" ಹೋಗಿ "ಸೂಯರ" ಆಗುತ್ತದೆ. ಹಾಗಾಗಿ ಒಂದು ವಾರ ಪೂರ್ತಿ ಒತ್ತಕ್ಷರಕ್ಕೇ ಇಡಿ. ಪಾಠಪುಸ್ತಕ ಬೇಡ. ಊರಿನ ಜಾತ್ರೆಯ ಆಮಂತ್ರಣ, ಯಕ್ಷಗಾನದ ಕರಪತ್ರ, ಕನ್ನಡ ಪೇಪರಿನ ಕ್ರಿಕೆಟ್ ಸುದ್ದಿ ತನ್ನಿ. ಕರಪತ್ರದಲ್ಲಿ ಇರುವಷ್ಟು ಒತ್ತಕ್ಷರ ಯಾವ ಪಾಠದಲ್ಲೂ ಇಲ್ಲ! ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ಆಟ ನೋಡಿ ನೋಡಿ ನಮ್ಮ ಮಕ್ಕಳಿಗೆ ಅರ್ಧ ಪದ್ಯ ಬಾಯಿಗೆ ಬರುತ್ತದೆ. ಬಾಯಿಗೆ ಬರುವುದನ್ನು ಕಾಗದದ ಮೇಲೆ ಕಂಡಾಗ ಓದು ಬೇಗ ಹಿಡಿಯುತ್ತದೆ. ಸಣ್ಣವರಿಗೆ ಕಥೆ ಬೇಕಾದರೆ ಸ್ಟೋರಿವೀವರ್ ಅಂತ ಒಂದು ಜಾಲತಾಣ ಇದೆ, ಪ್ರಥಮ್ ಬುಕ್ಸ್‌ನವರದ್ದು. ಕನ್ನಡದ ಚಿತ್ರಕಥೆಗಳು ಅಲ್ಲಿ ಉಚಿತ, ಪ್ರಿಂಟ್ ತೆಗೆದು ಕೊಡಬಹುದು.

ಭಾಷೆಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಇದು ಬೇಗ ರಾಜಕೀಯವಾಗುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಅದನ್ನೇ ನೋಡುತ್ತಾ ಬಂದಿದ್ದೇವೆ. ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಅಂತ 1967ರಲ್ಲಿ ಹೇಳಿತು, ಅದು ಕಾಗದದಲ್ಲೇ ಉಳಿಯಿತು. 2017ರಲ್ಲಿ ಕೇರಳ ಮಲಯಾಳ ಕಲಿಕೆಯನ್ನು ಹತ್ತನೇ ಕ್ಲಾಸಿನವರೆಗೆ ಕಡ್ಡಾಯ ಮಾಡುವ ಕಾನೂನು ತಂದಾಗ ಇಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಟೀಚರ್ ಬಂದು ಕೂರುವ ತಾಪತ್ರಯ ಈಗಲೂ ತಪ್ಪಿಲ್ಲ. ಇದೆಲ್ಲ ಹೋರಾಡಬೇಕಾದ ವಿಷಯವೇ. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕು ಅಂತ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಆದರೆ ನಿಮ್ಮ ಸಂಜೆಯ ಚಾಪೆಯ ಮೇಲೆ ಆ ಹೋರಾಟ ತರಬೇಡಿ.

ಮಗು ಶಾಲೆಯಲ್ಲಿ ಯಾವ ಲಿಪಿಯಲ್ಲಿ ಗಣಿತ, ವಿಜ್ಞಾನ ಓದುತ್ತದೋ ಆ ಲಿಪಿ ಮೊದಲು. ನಿಮ್ಮ ಊರಿನಲ್ಲಿ ಹೆಚ್ಚಿನವರಿಗೆ ಅದು ಕನ್ನಡ. ವಿವರಿಸುವುದು ಮಾತ್ರ ಮನೆಮಾತಿನಲ್ಲಿ. ತುಳು ಮಗುವಿಗೆ ತುಳುವಿನಲ್ಲಿ, ಬ್ಯಾರಿ ಮಗುವಿಗೆ ಬ್ಯಾರಿಯಲ್ಲಿ. ಪುಸ್ತಕದ ಕನ್ನಡ ನಮ್ಮ ಮಕ್ಕಳಿಗೆ ಮನೆಮಾತಲ್ಲ ಅನ್ನುವುದನ್ನು ಕನ್ನಡಾಭಿಮಾನಿಗಳಾದ ನಾವು ಒಪ್ಪುವುದೇ ಇಲ್ಲ. "ಭಾಗಲಬ್ಧ" ಅಂದರೆ ಎಂತ ಅಂತ ಕನ್ನಡ ಮನೆಮಾತಿನ ಮಗುವಿಗೂ ಗೊತ್ತಿರುವುದಿಲ್ಲ. "ಪಾಲು ಮಾಡಿದಾಗ ಒಬ್ಬೊಬ್ಬರಿಗೆ ಎಷ್ಟು ಸಿಕ್ಕಿತು" ಅಂತ ತುಳುವಿನಲ್ಲಿ ಕೇಳಿ, ಉತ್ತರ ಪಟ್ಟನೆ ಬರುತ್ತದೆ. ಆಮೇಲೆ ಆ ಪದ ಬರೆಸಿ. ಈ ಕೆಲಸದಲ್ಲಿ ನೀವು ಶಾಲೆಯ ಟೀಚರಿಗಿಂತ ಒಂದು ಹೆಜ್ಜೆ ಮುಂದೆ ಇದ್ದೀರಿ. ಆರು ಜನರಲ್ಲಿ ನಾಲ್ಕು ಭಾಷೆ ಇದ್ದೇ ಇರುತ್ತದೆ. ಒಂದು ಕಂತು ಮುಗಿದು ಕನ್ನಡ ಓದು ಕುದುರಿದ ಮೇಲೆ, ಎರಡನೇ ಕಂತಿನಲ್ಲಿ ಮಲಯಾಳ ಅಕ್ಷರ ಹೇಳಿಕೊಡಿ, ಸಂಕೋಚ ಬೇಡ. ಪಂಚಾಯತಿನ ಅರ್ಜಿ, ಬಸ್ಸಿನ ಬೋರ್ಡು, ಪಿ.ಎಸ್‌.ಸಿ. ಎಲ್ಲದಕ್ಕೂ ಬೇಕಲ್ಲ. ಇಂಗ್ಲಿಷಿನ ಹೊಡೆತ ಬೀಳುವುದು ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ವಿಜ್ಞಾನ ಒಮ್ಮೆಗೇ ಇಂಗ್ಲಿಷ್ ಆದಾಗ. ಅದು ಬೇರೆಯೇ ಕಂತು, ಬೇಸಗೆ ರಜೆಯಲ್ಲಿ ಮಾಡುವಂಥದ್ದು. ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ಜಾಗ ಮತ್ತು ಹೊತ್ತು. ಕ್ಲಬ್ಬಿನ ಹಾಲ್ ಅಂದಿರಿ. ಯಾವ ಕ್ಲಬ್ಬು? ನಮ್ಮಲ್ಲಿ ಪ್ರತಿ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬಿಗೂ ಒಂದು ಬಣ್ಣ ಇರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಬೇರೆ ಬಣ್ಣದ ಮನೆಯವರು ಮಕ್ಕಳನ್ನು ಒಂದು ವಾರ ಕಳಿಸಿ ಸುಮ್ನೆ ನಿಲ್ಲಿಸಿಬಿಡುತ್ತಾರೆ, ಕಾರಣ ಹೇಳುವುದಿಲ್ಲ. ಭಜನಾ ಮಂದಿರಕ್ಕೂ ಮದ್ರಸದ ಹಾಲ್‌ಗೂ ಇದೇ ತೊಂದರೆ. ಅಂಗನವಾಡಿ ಕೇಳಿ ನೋಡಿ, ಸಂಜೆ ಖಾಲಿ ಇರುತ್ತದೆ, ಎಲ್ಲ ಮನೆಯ ಅಮ್ಮಂದಿರಿಗೂ ಅಲ್ಲಿ ಓಡಾಡಿ ಗೊತ್ತು. ಕೊರೋನಾದಿಂದ ಶಾಲೆ ಮುಚ್ಚಿ 2020ರ ಜೂನ್‌ನಲ್ಲಿ ಸರ್ಕಾರದ ವಿಕ್ಟರ್ಸ್ ಟಿವಿ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಪಾಠ ಶುರುವಾದಾಗ, ಮನೆಯಲ್ಲಿ ಟಿವಿ, ಫೋನ್ ಇಲ್ಲದ ಮಕ್ಕಳನ್ನು ಅಂಗನವಾಡಿಯಲ್ಲಿ, ಗ್ರಂಥಾಲಯದಲ್ಲಿ ಕೂರಿಸಿ ಪಾಠ ತೋರಿಸಿದ್ದು ನೆನಪಿರಬಹುದು. ಆಗ ಜೊತೆಯಲ್ಲಿ ಕೂತವರೂ ನಿಮ್ಮ ವಯಸ್ಸಿನವರೇ. ವಾರ್ಡ್ ಮೆಂಬರ್ ಹತ್ತಿರ ಮಾತಾಡಿ, ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯವರನ್ನೂ ಸೇರಿಸಿಕೊಳ್ಳಿ. ಅವರ ಅಯಲ್‌ಕೂಟದಲ್ಲಿ, ಅಂದರೆ ನೆರೆಹೊರೆಯ ಗುಂಪಿನಲ್ಲಿ, ಒಮ್ಮೆ ವಿಷಯ ಹೋದರೆ ಊರಿಗೆಲ್ಲ ಹೋದ ಹಾಗೆ.

ಬೆಳಗ್ಗೆ ಮದ್ರಸ ಇರುವ ಮಕ್ಕಳಿಗೆ ಬೆಳಗಿನ ಹೊತ್ತು ಆಗುವುದಿಲ್ಲ. ಸಂಜೆ ಆರೂವರೆಗೆ ಮಕ್ಕಳು ಮನೆಯಲ್ಲಿರಬೇಕು. ನೀವು ಜೂನ್‌ನಲ್ಲಿ ಶುರು ಮಾಡಿದ್ದೂ ಒಂದು ತಪ್ಪೇ. ಜೂನ್, ಜುಲೈ ಅಂದರೆ ನಮ್ಮಲ್ಲಿ ಮಳೆ, ತೋಡು ತುಂಬುವುದು, ಕರೆಂಟ್ ಹೋಗುವುದು, ಕಲೆಕ್ಟರ್ ರಜೆ. ಆ ಎರಡು ತಿಂಗಳು ಮನೆ ಭೇಟಿಗೆ, ಹಾಳೆ ತಯಾರಿಗೆ ಇಡಿ. ಓಣಂ ಕಳೆದು ಶುರು ಮಾಡಿದರೆ 40 ದಿನ ಕ್ರಿಸ್‌ಮಸ್ ಪರೀಕ್ಷೆಗೆ ಮೊದಲು ಆರಾಮಾಗಿ ಮುಗಿಯುತ್ತದೆ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಯಾವ ದಿನವೂ ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಇರಬಾರದು. ಇಬ್ಬರು ಇರಬೇಕು, ಅದರಲ್ಲಿ ಒಬ್ಬಳು ಹುಡುಗಿ ಅಥವಾ ಹೆಂಗಸು. ಬಾಗಿಲು, ಕಿಟಕಿ ತೆರೆದಿರಬೇಕು. ಮಕ್ಕಳಿಗೆ ಖಾಸಗಿಯಾಗಿ ವಾಟ್ಸಾಪ್ ಮಾಡಬಾರದು, ಅಮ್ಮ ಅಪ್ಪನ ನಂಬರಿಗೆ ಮಾತ್ರ. ಫೋಟೋ ತೆಗೆದು ಸ್ಟೇಟಸ್ ಹಾಕುವ ಹುಚ್ಚು ಬೇಡ. ಓದು ಬಾರದ ಮಕ್ಕಳ ಕ್ಲಾಸ್ ಅಂತ ಊರಿಗೆ ಗೊತ್ತಾದ ಮೇಲೆ ಆ ಫೋಟೋ ಮಗುವಿಗೆ ಅವಮಾನ. ಯಾವುದಾದರೂ ಮಗು ಮನೆಯಲ್ಲೋ ಹೊರಗೋ ನಡೆದ ಕೆಟ್ಟ ವಿಷಯ ಹೇಳಿದರೆ ನೀವೇ ಪಂಚಾಯಿತಿಕೆ ಮಾಡಲು ಹೋಗಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದೂ ಮುಚ್ಚಿಡುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಪರಾಧ.

ಶಾಲೆಯವರನ್ನು ಎದುರು ಹಾಕಿಕೊಳ್ಳಬೇಡಿ. "ಶಾಲೆಯಲ್ಲಿ ಕಲಿಸುವುದಿಲ್ಲ, ಅದಕ್ಕೆ ನಾವು ಮಾಡುತ್ತೇವೆ" ಅಂತ ಒಂದು ಮಾತು ಬಾಯಿ ತಪ್ಪಿ ಬಂದರೂ ಹೆಡ್‌ಮಾಷ್ಟ್ರ ಕಿವಿಗೆ ಸಂಜೆಯೊಳಗೆ ಹೋಗುತ್ತದೆ. ಅವರ ತಲೆಬಿಸಿಯೂ ಸ್ವಲ್ಪ ತಿಳಿದುಕೊಳ್ಳಿ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ. ಅದರ ಮೇಲೆ ಡಿವಿಷನ್, ಅದರ ಮೇಲೆ ಟೀಚರ್ ಪೋಸ್ಟ್. ಎರಡು ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋದರೆ ಒಂದು ಕನ್ನಡ ಡಿವಿಷನ್ ಹೋಗಬಹುದು. ನಿಮ್ಮ ಪಟ್ಟಿಯನ್ನು ಅವರಿಗೆ ತೋರಿಸಿ, ಸಲಹೆ ಕೇಳಿ. ಹಳೆಯ ಪಾಠಪುಸ್ತಕ ಕೊಡುತ್ತಾರೆ, ಕೆಲವರು ಜಾಗವನ್ನೂ ಕೊಡುತ್ತಾರೆ. ನಾನು ಮೇಷ್ಟ್ರಾಗಿದ್ದಾಗ ಒಂದು ಕ್ಲಬ್ಬಿನ ಹುಡುಗರು ಹೀಗೆ ಬಂದು ಕೇಳಿದ್ದರು. ನಾನು "ನೋಡೋಣ" ಅಂತ ಹೇಳಿ ಕಳಿಸಿಬಿಟ್ಟೆ. ಈಗ ನೆನೆದರೆ ಕೆಡುಕೆನಿಸುತ್ತದೆ. ಹಾಗೆ ಯಾರಾದರೂ ಹೇಳಿದರೆ ಇನ್ನೊಮ್ಮೆ ಹೋಗಿ.

ನಿಮ್ಮ ಊರಿನ ಹತ್ತಿರ ಕೊರಗರ ಮನೆಗಳಿದ್ದರೆ, ಅಲ್ಲಿಗೆ ನೀವೇ ಪಾಠ ಹೇಳಲು ಹೊರಡುವ ಮೊದಲು ಒಂದು ವಿಷಯ ನೋಡಿ. ಕೇರಳದ ಪರಿಶಿಷ್ಟ ಪಂಗಡ ಇಲಾಖೆ ಕೆಲವು ಕಡೆ ಸಾಮೂಹ್ಯ ಪಠನಮುರಿ ಅಂತ ಓದಿನ ಕೋಣೆ ನಡೆಸುತ್ತದೆ. ಅದೇ ಸಮುದಾಯದ, ಓದಿದ ಯುವಕ ಯುವತಿಯರೇ ಅದನ್ನು ನೋಡಿಕೊಳ್ಳುತ್ತಾರೆ. ಅಂಥದ್ದು ಇದ್ದರೆ ಅವರಿಗೆ ಜೊತೆಯಾಗಿ, ಯಜಮಾನರಾಗಬೇಡಿ. ಮತ್ತೆ, ಅವರು ವಾಸಿಸುವ ಜಾಗಕ್ಕೆ "ಕಾಲನಿ" ಅನ್ನುವ ಪದ ಬಿಡಿ. ಸರ್ಕಾರವೇ 2024ರ ಜೂನ್‌ನಲ್ಲಿ ಆ ಪದ ಕೈಬಿಟ್ಟಿದೆ.

ಹಣದ ವಿಷಯ ಚುಟುಕಾಗಿ ಮುಗಿಸುತ್ತೇನೆ. ಈಗ ರಿಜಿಸ್ಟರ್ ಬೇಡ. ನಮ್ಮ ಮಲಬಾರ್ ಭಾಗಕ್ಕೆ 1860ರ ಸೊಸೈಟಿ ಕಾಯ್ದೆ ಇದೆ, ಏಳು ಜನ ಬೇಕು, ನೀವು ಆರೇ ಇದ್ದೀರಿ! ತಮಾಷೆ ಇರಲಿ. ಸಂಘ ಆದ ಕೂಡಲೇ ಅಧ್ಯಕ್ಷ ಯಾರು, ಕಾರ್ಯದರ್ಶಿ ಯಾರು ಅಂತ ಜಗಳ ಶುರುವಾಗುತ್ತದೆ. ಒಂದು ಬೋರ್ಡ್, ನಾಲ್ಕು ಚಾಪೆ, ಚಾಕ್, ಪ್ರಿಂಟ್, ಒಂದು ಚಾರ್ಜಿಂಗ್ ಲೈಟ್. ಇಷ್ಟಕ್ಕೆ ಆರು ಜನ ಸೇರಿ ಹಾಕಿದ ಹಣವೇ ಸಾಕು. ಮೂರು ಕಂತು ಮುಗಿದ ಮೇಲೂ ಆಸೆ ಉಳಿದಿದ್ದರೆ ರಿಜಿಸ್ಟರ್ ಮಾಡಿ. ದಾನಿಗಳು ನೋಟ್‌ಬುಕ್ ಹಂಚಲು ಬಂದರೆ ಬೇಡ ಅನ್ನಬೇಡಿ, ಆದರೆ ಅದಕ್ಕೊಂದು ಸಭೆ, ಅದಕ್ಕೊಂದು ಫ್ಲೆಕ್ಸ್, ಅದಕ್ಕೊಂದು ಸ್ವಾಗತ ಭಾಷಣ ಅಂತ ಎರಡು ಸಂಜೆ ಹಾಳು ಮಾಡಬೇಡಿ. ಹಣಕ್ಕಿಂತ ಜಾಸ್ತಿ ಉಪಕಾರ ಆಗುವುದು ಮಾಹಿತಿಯಿಂದ. ನಾಲ್ಕನೇ ಕ್ಲಾಸಿನ ಎಲ್‌ಎಸ್‌ಎಸ್, ಏಳನೆಯ ಯುಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗಳು ಎಲ್ಲರಿಗೂ ಗೊತ್ತು. ಎಂಟನೇ ಕ್ಲಾಸಿನಲ್ಲಿ ಬರೆಯುವ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಎಷ್ಟೋ ಮನೆಗೆ ಗೊತ್ತಿಲ್ಲ. ಅದು ಸಿಕ್ಕಿದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಅರ್ಜಿ ತುಂಬಿಸಿ ಕೊಡಲು ನಿಮ್ಮಂಥವರೇ ಬೇಕು.

ಕೊನೆಗೆ ಮತ್ತೆ ಹೋಗುವ ವಿಷಯ. ಮೊದಲ ಕಂತಿನಲ್ಲೇ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರನ್ನು ಜೊತೆಗೆ ಕೂರಿಸಿಕೊಳ್ಳಿ. ಪಾಠ ಹೇಳುವುದು ಬೇಡ, ಕಥೆ ಓದಿ ಹೇಳಲಿ, ಹಾಜರಿ ಬರೆಯಲಿ. ಎರಡು ವರ್ಷದಲ್ಲಿ ನೀವು ಹೋಗುವಾಗ ಅವರು ಪ್ಲಸ್ ವನ್‌ನಲ್ಲಿರುತ್ತಾರೆ. ಡಿಗ್ರಿ ಮುಗಿಸಿ ಮದುವೆಯಾಗಿ ಊರಿಗೆ ಬಂದ ಸೊಸೆಯಂದಿರನ್ನೂ ಮರೆಯಬೇಡಿ. ಎಷ್ಟೋ ಜನ ಬಿ.ಎ., ಬಿ.ಕಾಂ. ಓದಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ಅವರು ಊರು ಬಿಡುವುದಿಲ್ಲ. ಒಮ್ಮೆ ಹೋಗಿ ಕೇಳಿ. "ಅಕ್ಕ, ವಾರಕ್ಕೆ ಎರಡು ಸಂಜೆ ಬರ್ತೀರಾ" ಅಂದರೆ ಸಾಕು, ಹೆಚ್ಚಿನವರು ಬರುತ್ತಾರೆ.

ಒಂದು ದಪ್ಪ ನೋಟ್‌ಬುಕ್ ಇಡಿ. ಪ್ರತಿ ಮಗುವಿಗೆ ಒಂದು ಪುಟ: ಮೊದಲ ದಿನ ಎಲ್ಲಿ ನಿಂತಿತ್ತು, ಹತ್ತನೇ ದಿನ ಎಲ್ಲಿ, ನಲವತ್ತನೇ ದಿನ ಎಲ್ಲಿ, ಯಾವ ಕಥೆ ಇಷ್ಟ, ಮನೆಯಲ್ಲಿ ಯಾವ ಭಾಷೆ, ಯಾರು ಕರೆದುಕೊಂಡು ಹೋಗುತ್ತಾರೆ. ನಾಳೆ ನಿಮ್ಮ ಜಾಗಕ್ಕೆ ಬರುವವರು ಅದನ್ನು ಓದಿದರೆ ಕೆಲಸ ಶುರು ಮಾಡುವಂತಿರಬೇಕು. ಮೊದಲ ಪುಟದಲ್ಲಿ ಅಂಗನವಾಡಿಯ ಕೀ ಯಾರ ಮನೆಯಲ್ಲಿದೆ ಅಂತ ಬರೆದಿಡಿ. ನಗಬೇಡಿ. ನಾನು ಕೈ ಹಾಕಿದ ಒಂದು ಕ್ಲಾಸ್ ಮೂರು ವಾರ ನಿಂತದ್ದು ಬರೇ ಅದಕ್ಕೆ. ಕೀ ಇದ್ದ ಹುಡುಗ ದುಬೈಗೆ ಹೋಗಿದ್ದ, ಕೀ ಅವನ ಬ್ಯಾಗಿನಲ್ಲೇ ಇತ್ತು.